ಅವಳಿ ಎಂಜಿನ್ ದೋಣಿಗಳಲ್ಲಿ ಟೈಮಿಂಗ್ ದೋಷ: ಸದಸ್ಯರು ತಿಳಿದಿರಬೇಕಾದ ಸಂಗತಿಗಳು



ಸಂವಿಧಾನದ 11ನೆಯ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಹೆಸರಿಸಿದೆ. ರಸ್ತೆ, ಮೋರಿ, ಸೇತುವೆಗಳ ಜೊತೆಯಲ್ಲಿಯೇ ಕಡವು ಮತ್ತು ಜಲಮಾರ್ಗಗಳೂ ಅದರಲ್ಲಿ ಸೇರಿವೆ. ನದಿತೀರದ ಹಾಗೂ ಹಿನ್ನೀರಿನ ಅಂಚಿನ ಗ್ರಾಮಗಳಿಗೆ ದೋಣಿಯೇ ರಸ್ತೆ. ಶಾಲೆಯ ಮಕ್ಕಳು, ಬಾಣಂತಿಯರು, ಹಾಲಿನ ಕ್ಯಾನುಗಳು ಎಲ್ಲವೂ ಅದರಲ್ಲಿಯೇ ದಾಟಬೇಕು. ಒಂದು ಎಂಜಿನ್ ನಿಂತರೂ ಇನ್ನೊಂದರ ಬಲದಿಂದ ದಡ ಸೇರಲೆಂದೇ ಕೆಲವು ಲಾಂಚ್‌ಗಳಿಗೆ ಎರಡು ಎಂಜಿನ್‌ಗಳನ್ನು ಒಳಗೆ ಅಳವಡಿಸಲಾಗುತ್ತದೆ. ಅವುಗಳಲ್ಲಿ ಒಂದು ಸೊರಗಿದ್ದರೆ ಆ ಭರವಸೆ ಕಾಗದದ ಮೇಲೆ ಮಾತ್ರ ಉಳಿಯುತ್ತದೆ.

ನಾನು ಹಿಂದೆ ಕರ್ತವ್ಯ ನಿರ್ವಹಿಸಿದ ಪಂಚಾಯತಿಯೊಂದರಲ್ಲಿ ಲಾಂಚಿನ ಎಡ ಎಂಜಿನ್ ಬಿಳಿ ಹೊಗೆ ಉಗುಳುತ್ತಿತ್ತು. ದೋಣಿ ಸದಾ ಎಡಕ್ಕೆ ವಾಲಿಕೊಂಡು ಸಾಗುತ್ತಿತ್ತು. ಎಂಜಿನ್ನನ್ನು ಪೂರ್ತಿ ಬಿಚ್ಚಿ ಕಟ್ಟುವ ಅಂದಾಜು ಪಟ್ಟಿ ಸಭೆಯ ಮುಂದೆ ಬಂದಿತು. ಹಿರಿಯ ಸದಸ್ಯೆಯೊಬ್ಬರು, "ಇದು ಯಾವಾಗಿನಿಂದ ಹೀಗಾಯಿತು?" ಎಂದು ಕೇಳಿದರು. "ಡೀಸೆಲ್ ಪಂಪನ್ನು ಪಟ್ಟಣಕ್ಕೆ ಒಯ್ದು ರಿಪೇರಿ ಮಾಡಿಸಿ ತಂದ ಮೇಲೆ ಅಮ್ಮಾ" ಎಂದು ಚಾಲಕರು ಉತ್ತರಿಸಿದರು. ಪರಿಶೀಲಿಸಿದಾಗ, ಪಂಪನ್ನು ಮರಳಿ ಕೂರಿಸುವಾಗ ಗುರುತಿಗೆ ಗುರುತು ಹೊಂದಿಸಿರಲಿಲ್ಲವೆಂಬುದು ಕಂಡುಬಂದಿತು. ಪಂಪನ್ನು ತುಸು ತಿರುಗಿಸಿ ಬಿಗಿದದ್ದೇ ದುರಸ್ತಿ. ಎಂಜಿನಿಯರಿಂಗ್ ಓದಿದ ನನಗೆ ಹೊಳೆಯದ ಪ್ರಶ್ನೆ ಆ ಸದಸ್ಯೆಗೆ ಹೊಳೆದಿತ್ತು. ಅಂತಹ ಪ್ರಶ್ನೆಗಳನ್ನು ಕೇಳಲು ನೆರವಾಗುವುದೇ ಈ ಲೇಖನದ ಉದ್ದೇಶ.

ಟೈಮಿಂಗ್ ಎಂದರೇನು?

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಅದು ಬಹಳ ಬಿಸಿಯಾಗುತ್ತದೆ. ಆಗ ಇಂಜೆಕ್ಟರ್ ಸಿಂಪಡಿಸುವ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಆದುದರಿಂದ ಡೀಸೆಲ್ ಎಂಜಿನ್ನಿನ ಟೈಮಿಂಗ್ ಎಂದರೆ ಇಂಜೆಕ್ಷನ್ ಪಂಪ್ ಇಂಧನವನ್ನು ಕಳುಹಿಸುವ ಕ್ಷಣ. ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ಸಿಂಪಡಣೆ ಆರಂಭವಾಗಬೇಕೆಂಬುದನ್ನು ತಯಾರಕರು ನಿಗದಿಪಡಿಸಿರುತ್ತಾರೆ.

ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ ಒಂದು ಸೆಕೆಂಡಿನಲ್ಲಿ 25 ಸುತ್ತು, ಅಂದರೆ 9000 ಡಿಗ್ರಿ ತಿರುಗುತ್ತದೆ. 3 ಡಿಗ್ರಿಯ ವ್ಯತ್ಯಾಸವೆಂದರೆ ಸೆಕೆಂಡಿನ 3000ದಲ್ಲಿ ಒಂದು ಭಾಗ. ಇದನ್ನು ಕಿವಿಯ ಅಂದಾಜಿನಿಂದ ಹೊಂದಿಸಲಾಗದು; ಗುರುತು ನೋಡಿಯೇ ಹೊಂದಿಸಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಂಪು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ಪಂಪಿನಲ್ಲಾದ 1 ಡಿಗ್ರಿ ತಪ್ಪು ಕ್ರ್ಯಾಂಕಿನಲ್ಲಿ 2 ಡಿಗ್ರಿಯಾಗುತ್ತದೆ.

ಲಕ್ಷಣಗಳು

ಸಿಂಪಡಣೆ ಬೇಗನೆ ಆದರೆ ಎಂಜಿನ್ ಸುತ್ತಿಗೆಯಿಂದ ಬಡಿದಂತೆ ಗಡುಸಾಗಿ ಸದ್ದು ಮಾಡುತ್ತದೆ. ಪಿಸ್ಟನ್ ಮತ್ತು ಬೇರಿಂಗ್‌ಗಳು ಸವೆಯುತ್ತವೆ. ತಡವಾದರೆ ಬಲ ಕುಗ್ಗುತ್ತದೆ, ಡೀಸೆಲ್ ಹೆಚ್ಚು ಖರ್ಚಾಗುತ್ತದೆ, ಹೊಗೆ ಕೊಳವೆ ಅತಿಯಾಗಿ ಕಾಯುತ್ತದೆ, ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ.

ಆದರೆ ಇವೇ ಲಕ್ಷಣಗಳು ಬೇರೆ ಕಾರಣಗಳಿಂದಲೂ ತೋರಬಹುದು. ಡೀಸೆಲಿನಲ್ಲಿ ನೀರು ಸೇರಿದ್ದರೆ ಅಥವಾ ಸಿಲಿಂಡರ್ ಸವೆದಿದ್ದರೆ ಬಿಳಿ ಹೊಗೆ ಬರುತ್ತದೆ. ಗಾಳಿ ಫಿಲ್ಟರ್ ಕಟ್ಟಿದ್ದರೆ, ಪ್ರೊಪೆಲ್ಲರಿಗೆ ಬಲೆ ಅಥವಾ ಕಳೆ ಸುತ್ತಿಕೊಂಡಿದ್ದರೆ ಕಪ್ಪು ಹೊಗೆ ಬರುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದರ ಸೂಚನೆ. ಆದುದರಿಂದ ಟೈಮಿಂಗಿಗೆ ಕೈಹಾಕುವುದು ಕೊನೆಯ ಹೆಜ್ಜೆಯಾಗಬೇಕೇ ಹೊರತು ಮೊದಲನೆಯದಲ್ಲ.

ಪಕ್ಕದ ಎಂಜಿನ್ನೇ ಅಳತೆಗೋಲು

ಅವಳಿ ಎಂಜಿನ್ನಿನ ದೊಡ್ಡ ಅನುಕೂಲವೆಂದರೆ, ಕೆಟ್ಟದ್ದನ್ನು ಹೋಲಿಸಿ ನೋಡಲು ಅದೇ ಮಾದರಿಯ ಒಳ್ಳೆಯ ಎಂಜಿನ್ ಪಕ್ಕದಲ್ಲಿಯೇ ಇರುತ್ತದೆ. ಪ್ರಯಾಣಿಕರನ್ನು ಇಳಿಸಿ, ದೋಣಿಯನ್ನು ದಡಕ್ಕೆ ಕಟ್ಟಿ, ಈ ಕ್ರಮದಲ್ಲಿ ಪರಿಶೀಲಿಸುವುದು ಸೂಕ್ತ.

1. ಒಂದೇ ಟ್ಯಾಕೋಮೀಟರಿನಿಂದ ಎರಡೂ ಎಂಜಿನ್‌ಗಳ ವೇಗವನ್ನು ಅಳೆಯುವುದು. ಚಾಲಕರ ಮುಂದಿರುವ ಎರಡು ಮಾಪಕಗಳು ಒಂದಕ್ಕೊಂದು ಹೊಂದದಿರಬಹುದು. ಥ್ರಾಟಲ್ ಕೇಬಲ್ ಸಡಿಲವಾಗಿದ್ದರೂ ಒಂದು ಎಂಜಿನ್ ಹಿಂದೆ ಬೀಳುತ್ತದೆ; ಅದು ಟೈಮಿಂಗ್ ದೋಷವಲ್ಲ.

2. ಪ್ರೊಪೆಲ್ಲರ್, ಗಾಳಿ ಫಿಲ್ಟರ್, ಡೀಸೆಲ್ ಫಿಲ್ಟರ್ ಮತ್ತು ನೀರು ಬೇರ್ಪಡಿಸುವ ಬಟ್ಟಲನ್ನು ನೋಡುವುದು. ಬೇರೊಂದು ಕ್ಯಾನಿನಿಂದ ಶುದ್ಧ ಡೀಸೆಲ್ ಕೊಟ್ಟು ಎಂಜಿನ್ ಓಡಿಸಿ ನೋಡುವುದು.

3. ಎಂಜಿನ್‌ಗಳನ್ನು ನಿಲ್ಲಿಸಿ ಇಂಜೆಕ್ಟರ್‌ಗಳನ್ನು ಅದಲು ಬದಲು ಮಾಡುವುದು. ದೋಷವೂ ಇನ್ನೊಂದು ಎಂಜಿನ್ನಿಗೆ ವಲಸೆ ಹೋದರೆ ತಪ್ಪು ಇಂಜೆಕ್ಟರಿನದು. ಎಂಜಿನ್ ಓಡುತ್ತಿರುವಾಗ ಇಂಧನದ ಸಿಂಪಡಣೆಗೆ ಕೈ ಒಡ್ಡಬಾರದು. ಆ ಒತ್ತಡಕ್ಕೆ ಡೀಸೆಲ್ ಚರ್ಮವನ್ನು ಭೇದಿಸಿ ಒಳಸೇರುತ್ತದೆ.

4. ಇಷ್ಟಾದ ಮೇಲೂ ದೋಷ ಉಳಿದರೆ ಟೈಮಿಂಗ್ ಪರಿಶೀಲನೆ. ಮೊದಲ ಸಿಲಿಂಡರಿನ ಎರಡೂ ವಾಲ್ವ್‌ಗಳು ಮುಚ್ಚಿರುವಂತೆ ಪಿಸ್ಟನ್ನನ್ನು ಒತ್ತುವ ಹಂತಕ್ಕೆ ತಂದು, ಫ್ಲೈವೀಲಿನ ಗುರುತನ್ನು ಸೂಚಕ ಮುಳ್ಳಿಗೆ ಹೊಂದಿಸಿ, ಪಂಪಿನ ಗುರುತನ್ನು ನೋಡಬೇಕು. ಎಂಜಿನ್ ಓಡುವ ದಿಕ್ಕಿನಲ್ಲಿಯೇ ಕ್ರ್ಯಾಂಕನ್ನು ತಿರುಗಿಸುತ್ತ ಗುರುತಿಗೆ ಬರಬೇಕು. ಇಲ್ಲವಾದರೆ ಗಿಯರ್ ಹಲ್ಲುಗಳ ಸಡಿಲದಿಂದ ಅಳತೆ ತಪ್ಪುತ್ತದೆ. ಕೆಲವು ಅವಳಿ ಜೋಡಣೆಗಳಲ್ಲಿ ಎಡ ಮತ್ತು ಬಲ ಎಂಜಿನ್‌ಗಳು ವಿರುದ್ಧ ದಿಕ್ಕಿನಲ್ಲಿ ತಿರುಗುತ್ತವೆ. ಅಂತಹವುಗಳಲ್ಲಿ ಒಂದರ ಕ್ರಮವನ್ನು ಇನ್ನೊಂದಕ್ಕೆ ಹಾಗೆಯೇ ಅನ್ವಯಿಸಿದರೆ ಸರಿಯಿದ್ದುದೂ ಕೆಡುತ್ತದೆ.

ಟೈಮಿಂಗ್ ಸಾಮಾನ್ಯವಾಗಿ ರಾತ್ರೋರಾತ್ರಿ ತಪ್ಪುವುದಿಲ್ಲ. ಪಂಪನ್ನು ಬಿಚ್ಚಿ ಕೂರಿಸಿದಾಗ, ಅದರ ಬೋಲ್ಟುಗಳು ಸಡಿಲಗೊಂಡಾಗ ಅಥವಾ ಜೋಡಣೆಯ ಭಾಗ ಸವೆದಾಗ ತಪ್ಪುತ್ತದೆ. ಪಂಪಿನ ಗಿಯರಿಗೆ 40 ಹಲ್ಲುಗಳಿದ್ದು, ಒಂದು ಹಲ್ಲು ಆಚೀಚೆ ಕೂತಿತೆಂದರೆ ಕ್ರ್ಯಾಂಕಿನಲ್ಲಿ 18 ಡಿಗ್ರಿ ವ್ಯತ್ಯಾಸ. ಆಗ ಎಂಜಿನ್ ಚಾಲೂ ಆಗುವುದೇ ಕಷ್ಟ.

ಪೆಟ್ರೋಲ್ ಎಂಜಿನ್ ಒಳಗಿರುವ ದೋಣಿಗಳಲ್ಲಿ ಇನ್ನೊಂದು ಅಪಾಯವಿದೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರವಾದುದರಿಂದ ದೋಣಿಯ ತಳದಲ್ಲಿ ಶೇಖರವಾಗುತ್ತದೆ. ಎಂಜಿನ್ ಕೋಣೆಯ ಮುಚ್ಚಳ ತೆರೆದು ಗಾಳಿಯಾಡಿಸಿದ ನಂತರವೇ ಚಾಲೂ ಮಾಡಬೇಕು. ಕಿಡಿ ಹೊರಗೆ ಹಾರದಂತೆ ತಯಾರಿಸಿದ ದೋಣಿಯ ಬಿಡಿಭಾಗಗಳ ಬದಲಿಗೆ ಅಗ್ಗದ ಕಾರಿನ ಬಿಡಿಭಾಗಗಳನ್ನು ಜೋಡಿಸಲು ಅನುಮೋದನೆ ನೀಡಬಾರದು.

ಸಭೆಯಲ್ಲಿ ಕೇಳಬೇಕಾದುದು

ದುರಸ್ತಿ ಬಿಲ್ಲಿನ ಜೊತೆಗೆ ಈ ಮಾಹಿತಿಯನ್ನು ಲಿಖಿತವಾಗಿ ಪಡೆಯುವುದು ಒಳಿತು: ದೋಷ ಯಾವ ದಿನದಿಂದ ಕಾಣಿಸಿತು, ಅದಕ್ಕೆ ಮೊದಲು ಯಾವ ಭಾಗವನ್ನು ಬಿಚ್ಚಲಾಗಿತ್ತು, ದುರಸ್ತಿಯ ಮೊದಲು ಮತ್ತು ನಂತರ ಎರಡೂ ಎಂಜಿನ್‌ಗಳ ಟೈಮಿಂಗ್ ಎಷ್ಟು ಡಿಗ್ರಿ ಇತ್ತು, ತಯಾರಕರು ಸೂಚಿಸಿದ್ದು ಎಷ್ಟು, ಬದಲಿಸಿದ ಹಳೆಯ ಭಾಗಗಳು ಎಲ್ಲಿವೆ. ಪ್ರತಿ ಎಂಜಿನ್ ಓಡಿದ ಗಂಟೆ ಮತ್ತು ಕುಡಿದ ಡೀಸೆಲನ್ನು ಲಾಗ್ ಪುಸ್ತಕದಲ್ಲಿ ಪ್ರತ್ಯೇಕವಾಗಿ ಬರೆಸಿದರೆ, ಹೊಗೆ ಕಾಣುವ ಮೊದಲೇ ವ್ಯತ್ಯಾಸ ಗೋಚರಿಸುತ್ತದೆ. 2021ರ ಒಳನಾಡು ನೌಕೆಗಳ ಕಾಯ್ದೆಯಂತೆ ಯಂತ್ರಚಾಲಿತ ನೌಕೆಗೆ ಅಗತ್ಯವಾದ ನೋಂದಣಿ ಮತ್ತು ಸಮೀಕ್ಷಾ ಪ್ರಮಾಣಪತ್ರಗಳು ಚಾಲ್ತಿಯಲ್ಲಿವೆಯೇ ಎಂಬುದನ್ನೂ ಅದೇ ಸಭೆಯಲ್ಲಿ ಪರಿಶೀಲಿಸಬಹುದು.

ದುರಸ್ತಿಯ ನಂತರ ಪ್ರಯಾಣಿಕರಿಲ್ಲದೆ, ಲೈಫ್ ಜಾಕೆಟ್ ಧರಿಸಿದ ಸಿಬ್ಬಂದಿಯೊಡನೆ, ಮೊದಲು ಎಡ ಎಂಜಿನ್ ಒಂದರಲ್ಲಿ, ಅನಂತರ ಬಲ ಎಂಜಿನ್ ಒಂದರಲ್ಲಿ ದೋಣಿಯನ್ನು ಓಡಿಸಿ ನೋಡತಕ್ಕದ್ದು. ಎರಡರಲ್ಲಿ ಯಾವುದೊಂದರಿಂದಲೂ ದೋಣಿ ಸುರಕ್ಷಿತವಾಗಿ ದಡ ಸೇರಿದಾಗ ಮಾತ್ರ ದುರಸ್ತಿ ಮುಗಿದಿದೆ ಎಂದು ಭಾವಿಸಿ ಬಿಲ್ಲಿಗೆ ಒಪ್ಪಿಗೆ ನೀಡುವುದು ಉಚಿತ.