ಒಂದು ಕೋಣೆಗೆ ಎಷ್ಟು ಜನ? ಹೋಟೆಲ್ ವಾಸ್ತವ್ಯದ ಕೆಲವು ತಪ್ಪು ಕಲ್ಪನೆಗಳು

ಹೋಟೆಲಿನ ಒಂದು ಕೋಣೆಯಲ್ಲಿ ಇಬ್ಬರು, ಹೆಚ್ಚೆಂದರೆ ಮೂವರು ಮಾತ್ರ ಉಳಿದುಕೊಳ್ಳಬೇಕೆಂದು ಸರ್ಕಾರದ ಕಾನೂನೇ ವಿಧಿಸಿದೆ ಎಂಬ ಮಾತು ಪ್ರವಾಸ ಹೊರಟ ಕುಟುಂಬಗಳಲ್ಲಿ ಮಾತ್ರವಲ್ಲ, ಎಷ್ಟೋ ಲಾಡ್ಜ್‌ಗಳ ರಿಸೆಪ್ಷನ್‌ನಲ್ಲೂ ಚಾಲ್ತಿಯಲ್ಲಿದೆ. ಆದರೆ ಭಾರತದಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಅಂತಹ ಕಾನೂನಿಲ್ಲ. ತಂಗುದಾಣಗಳನ್ನು ಕುರಿತ ಹಳೆಯ ಶಾಸನವಾದ 1867ರ ಸರಾಯ್ ಕಾಯ್ದೆ ನೋಂದಣಿ, ಸ್ವಚ್ಛತೆ, ಕಾವಲು ಮತ್ತು ದರಪಟ್ಟಿಯ ಕಡೆಗೆ ಗಮನ ಕೊಟ್ಟಿತೇ ಹೊರತು ಕೋಣೆಯೊಳಗಿನ ತಲೆಗಳನ್ನು ಎಣಿಸಲು ಹೋಗಲಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ತಾರಾ ವರ್ಗೀಕರಣ, ಅಂದರೆ ಸೌಲಭ್ಯಗಳನ್ನು ಪರಿಶೀಲಿಸಿ ಹೋಟೆಲಿಗೆ ನಕ್ಷತ್ರಗಳ ದರ್ಜೆ ನೀಡುವ ವ್ಯವಸ್ಥೆಯು ಬಾಡಿಗೆಗೆ ಕೊಡುವ ಕೋಣೆಗಳು ಕನಿಷ್ಠ 10 ಇರಬೇಕೆನ್ನುತ್ತದೆ, ಕೋಣೆಯ ಕನಿಷ್ಠ ವಿಸ್ತಾರವನ್ನೂ ಗೊತ್ತುಪಡಿಸುತ್ತದೆ. ಆದರೆ ಅದು ಹೋಟೆಲಿನವರು ತಾವಾಗಿ ಬಯಸಿ ಪಡೆಯುವ ದರ್ಜೆ, ಎಲ್ಲರನ್ನೂ ಕಟ್ಟಿಹಾಕುವ ಕಟ್ಟಳೆಯಲ್ಲ. ಮನೆಯ ಕೆಲವು ಕೋಣೆಗಳನ್ನು ಅತಿಥಿಗಳಿಗೆ ಬಿಡುವವರಿಗಾಗಿ ಅದೇ ಸಚಿವಾಲಯ ರೂಪಿಸಿದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ 6 ಕೋಣೆ, 12 ಹಾಸಿಗೆಗಳ ಮಿತಿಯಿದೆಯಾದರೂ ಅದು ಇಡೀ ಮನೆಗೆ ಹಾಕಿದ ಲೆಕ್ಕ.

ಹಾಗಾದರೆ ದರಪಟ್ಟಿಯಲ್ಲಿ ಕಾಣುವ ‘ಡಬಲ್’, ‘ಟ್ರಿಪಲ್’, ‘ಫೋರ್ ಬೆಡ್’ ಎಂಬ ಸಂಖ್ಯೆಗಳು ಹುಟ್ಟುವುದು ಹೋಟೆಲಿನವರು ಮತ್ತು ಅತಿಥಿಯ ನಡುವಿನ ಒಪ್ಪಂದದಿಂದ. ಇದನ್ನು ಕೇಳಿದೊಡನೆ ಎದುರು ದಿಕ್ಕಿನ ಇನ್ನೊಂದು ತಪ್ಪು ಕಲ್ಪನೆ ತಲೆಯೆತ್ತುತ್ತದೆ: ಕಾನೂನಿಲ್ಲವೆಂದ ಮೇಲೆ, ಬಾಡಿಗೆ ಕೊಟ್ಟ ಕೋಣೆ ತಮ್ಮದೇ ಆದ್ದರಿಂದ ಅದರಲ್ಲಿ ಎಷ್ಟು ಜನ ಮಲಗಿದರೂ ಕೇಳುವವರಿಲ್ಲ ಎಂಬುದು. ಮದುವೆ ಛತ್ರದಲ್ಲಿ ಜಮಖಾನ ಹಾಸಿ ಇಡೀ ಬಳಗ ಒಂದೇ ಕೋಣೆಯಲ್ಲಿ ಉರುಳಿಕೊಳ್ಳುವ ರೂಢಿ ಈ ನಂಬಿಕೆಗೆ ಬಲ ಕೊಟ್ಟಿರಬಹುದು. ಆದರೆ ಮನೆ ಬಾಡಿಗೆಗೂ ಹೋಟೆಲ್ ಕೋಣೆಗೂ ಕಾನೂನಿನ ದೃಷ್ಟಿಯಲ್ಲಿ ವ್ಯತ್ಯಾಸವಿದೆ. ಸಾಮಾನ್ಯವಾಗಿ ಹೋಟೆಲಿನ ಅತಿಥಿಗೆ ಸಿಗುವುದು ಪರವಾನಗಿ ಮಾತ್ರ, ಅಂದರೆ 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ 52ನೆಯ ಕಲಮು ವಿವರಿಸುವಂತೆ, ಸ್ವತ್ತಿನಲ್ಲಿ ಯಾವ ಹಿತಾಸಕ್ತಿಯೂ ಹುಟ್ಟದೆ ಅದನ್ನು ನಿರ್ದಿಷ್ಟ ರೀತಿಯಲ್ಲಿ ಬಳಸಲು ದೊರೆಯುವ ಅನುಮತಿ. ಇಬ್ಬರ ಹೆಸರಿನಲ್ಲಿ ಕಾದಿರಿಸಿದ ಕೋಣೆಗೆ ಐವರು ಬಂದಾಗ ಹೆಚ್ಚಿನ ಹಣ ಕೇಳುವ ಅಥವಾ ಉಳಿದವರಿಗೆ ಬೇರೆ ಕೋಣೆ ತೆಗೆದುಕೊಳ್ಳಿರೆನ್ನುವ ಅಧಿಕಾರ ಹೋಟೆಲಿನವರಿಗೆ ಬರುವುದು ಈ ಅನುಮತಿಯ ಷರತ್ತುಗಳಿಂದಲೇ. ಚೌಕಾಶಿಗೆ ಅವಕಾಶವಿರುವುದು ಕಾದಿರಿಸುವ ಮೊದಲು, ಸಾಮಾನು ಇಳಿಸಿದ ಮೇಲಲ್ಲ.

ಮೂರನೆಯ ನಂಬಿಕೆ ಅಗ್ನಿಸುರಕ್ಷೆಗೆ ಸಂಬಂಧಿಸಿದ್ದು, ಇದರಲ್ಲಿ ಸತ್ಯ ಮತ್ತು ಮಿಥ್ಯೆ ಎರಡೂ ಬೆರೆತಿರುವುದರಿಂದ ಸ್ವಲ್ಪ ವಿವರವಾಗಿ ನೋಡಬೇಕು. ಒಬ್ಬರು ಹೆಚ್ಚಾದರೂ ಅಗ್ನಿಶಾಮಕ ನಿಯಮದ ಉಲ್ಲಂಘನೆಯಾಗುತ್ತದೆ ಎಂದು ಕೆಲವು ಹೋಟೆಲಿನವರು ಹೇಳುವುದುಂಟು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯು ವಾಸದ ಕಟ್ಟಡಗಳಿಗೆ, ಅವುಗಳಲ್ಲಿ ಹೋಟೆಲ್‌ಗಳೂ ಸೇರಿದಂತೆ, ತಲಾ 12.5 ಚದರ ಮೀಟರ್ ಎಂಬ ಅಳತೆಯನ್ನು ಕೊಡುತ್ತದೆ. ಇದು ಕಾರಿಡಾರು, ಗೋಡೆಗಳನ್ನೂ ಒಳಗೊಂಡ ಇಡೀ ಅಂತಸ್ತಿನ ವಿಸ್ತಾರವನ್ನು ಭಾಗಿಸಿ, ಅಲ್ಲಿ ಎಷ್ಟು ಜನ ಇರಬಹುದೆಂದು ಅಂದಾಜು ಮಾಡುವ ಸೂತ್ರ. 500 ಚದರ ಮೀಟರಿನ ಅಂತಸ್ತಿಗೆ ಈ ಲೆಕ್ಕದಲ್ಲಿ 40 ಜನ. ಮೆಟ್ಟಿಲಿನ ಅಗಲವನ್ನು ತಲೆಗೆ 10 ಮಿಲಿಮೀಟರಿನಂತೆ ಗುಣಿಸಿದರೆ 400 ಮಿಲಿಮೀಟರ್ ಸಾಕೆಂದಾಗುತ್ತದೆ, ಆದರೆ ಹೋಟೆಲಿನ ಮೆಟ್ಟಿಲು ಕನಿಷ್ಠ 1.5 ಮೀಟರ್ ಅಗಲವಿರಬೇಕೆಂದು ಅದೇ ಸಂಹಿತೆ ಹೇಳುವುದರಿಂದ, ಒಂದು ಕೋಣೆಯಲ್ಲಿ ಒಂದು ಮಗುವೋ ಅಜ್ಜಿಯೋ ಹೆಚ್ಚಾದ ಮಾತ್ರಕ್ಕೆ ಆ ಲೆಕ್ಕ ಕುಸಿದುಬೀಳುವುದಿಲ್ಲ. ಅದು ಕಟ್ಟಡವನ್ನು ವಿನ್ಯಾಸಗೊಳಿಸುವವರ ಅಂಕಿ, ರಿಸೆಪ್ಷನ್‌ನಲ್ಲಿ ಕುಳಿತವರದಲ್ಲ.

ಅಪಾಯ ಇರುವುದು ಬೇರೆ ಕಡೆ. ಹೋಟೆಲಿನಲ್ಲಿ ಮಲಗಿರುವವರು ಕಟ್ಟಡದ ಪರಿಚಯವಿಲ್ಲದವರು. ಮಂಚ ಮತ್ತು ಬಾಗಿಲಿನ ನಡುವೆ ಇರುವ ಮೊಣಕಾಲುದ್ದದ ಜಾಗದಲ್ಲಿ ಎರಡು ಹಾಸಿಗೆ ಹರಡಿ, ಅವುಗಳ ಪಕ್ಕದಲ್ಲಿ ಸೂಟ್‌ಕೇಸ್‌ಗಳನ್ನು ಒಟ್ಟಿಟ್ಟರೆ, ಕತ್ತಲಲ್ಲಿ ಹೊಗೆಯ ನಡುವೆ ಚಿಲಕ ತಲುಪುವುದೇ ಕಷ್ಟವಾಗುತ್ತದೆ. 2019ರ ಫೆಬ್ರವರಿಯಲ್ಲಿ ದೆಹಲಿಯ ಕರೋಲ್ ಬಾಗ್‌ನ ಹೋಟೆಲೊಂದರಲ್ಲಿ ನಸುಕಿನಲ್ಲಿ ಹೊತ್ತಿದ ಬೆಂಕಿಗೆ 17 ಮಂದಿ ಬಲಿಯಾದರು. ಇಂತಹ ಗಳಿಗೆಯಲ್ಲಿ ರಕ್ಷಣಾ ಸಿಬ್ಬಂದಿ ಮೊದಲು ಕೇಳುವುದು ಒಳಗೆ ಎಷ್ಟು ಜನರಿದ್ದಾರೆಂಬುದನ್ನು. ಹಣ ಉಳಿಸಲೆಂದು ಹೆಸರು ಬರೆಸದೆ ಕೋಣೆ ಸೇರಿಕೊಂಡವರು ಆ ಎಣಿಕೆಯಿಂದ ಹೊರಗುಳಿಯುತ್ತಾರೆ. ಅತಿಥಿ ಪುಸ್ತಕವನ್ನು ಬರಿಯ ಪೊಲೀಸರ ಕಾಟವೆಂದು ತಿಳಿಯುವವರು ಇದನ್ನು ಮರೆಯುತ್ತಾರೆ.

ಹೆಚ್ಚಿನ ಜನರಿಗೆ ಪಡೆಯುವ ಹಣ ಶುದ್ಧ ಸುಲಿಗೆ ಎಂಬ ದೂರನ್ನೂ ಪರಿಶೀಲಿಸಬೇಕು. ಏಸಿಗೆ ಹೊರೆಯಾಗುತ್ತದೆಂಬ ಸಬೂಬು ದುರ್ಬಲವೇ ಸರಿ: ವಿಶ್ರಾಂತಿಯಲ್ಲಿರುವ ಒಬ್ಬರ ದೇಹ ಹೊರಸೂಸುವ ಶಾಖ ಸುಮಾರು 100 ವ್ಯಾಟ್, ಒಂದು ಟನ್ ಏಸಿ ಹೊರಹಾಕಬಲ್ಲದ್ದು ಸುಮಾರು 3,500 ವ್ಯಾಟ್. ಆದರೆ ನೀರಿನ ವಿಷಯ ಹಾಗಲ್ಲ. ಸಾಮಾನ್ಯ ಹೋಟೆಲ್‌ಗಳಿಗೆ ದಿನಕ್ಕೆ ಹಾಸಿಗೆಯೊಂದಕ್ಕೆ 180 ಲೀಟರ್ ನೀರೆಂದು ಲೆಕ್ಕ ಹಿಡಿಯುವುದು ಭಾರತೀಯ ಮಾನಕ. 15 ಲೀಟರಿನ ಗೀಸರು ಒಮ್ಮೆ ಕಾಯಿಸಿದ ನೀರಿಗೆ ತಣ್ಣೀರು ಬೆರೆಸಿದರೆ ಹದವಾಗಿ ಸಿಗುವುದು ಎರಡು ಬಕೆಟ್‌ನಷ್ಟು. ಮಡಿಕೇರಿಯ ಚಳಿಯಲ್ಲಿ ಬೆಳಿಗ್ಗೆ ಆರು ಮಂದಿ ಸರದಿಯಲ್ಲಿ ನಿಂತಾಗ ಜಗಳ ಏಕೆ ಹುಟ್ಟುತ್ತದೆಂಬುದು ಇದರಿಂದ ತಿಳಿಯುತ್ತದೆ.

ಐದು ವರ್ಷದೊಳಗಿನ ಮಕ್ಕಳಿಗೆ ಎಲ್ಲ ಕಡೆಯೂ ಉಚಿತ ಎಂಬ ನಂಬಿಕೆ ರೈಲಿನಿಂದ ಬಂದದ್ದಿರಬೇಕು, ಏಕೆಂದರೆ ರೈಲ್ವೆಯಲ್ಲಿ ಪ್ರತ್ಯೇಕ ಬರ್ತ್ ಕೇಳದ ಅಷ್ಟು ಚಿಕ್ಕ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಹೋಟೆಲ್‌ಗಳಲ್ಲಿ ಈ ವಯಸ್ಸಿನ ಗೆರೆ ಒಂದೊಂದು ಕಡೆ ಒಂದೊಂದು ಬಗೆ, ಹಾಗೂ ‘ಉಚಿತ’ ಎಂಬುದಕ್ಕೆ ತಂದೆತಾಯಿಯ ಹಾಸಿಗೆಯಲ್ಲೇ ಮಲಗಿದರೆ ಎಂಬ ಷರತ್ತು ಸಾಮಾನ್ಯವಾಗಿ ಅಂಟಿಕೊಂಡಿರುತ್ತದೆ. ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೋದ ಕನ್ನಡ ಕುಟುಂಬಗಳಿಗೂ ಇದೇ ಗೊಂದಲ ಎದುರಾಗುತ್ತದೆ: ಅಲ್ಲಿ ಎರಡು ದೊಡ್ಡ ಹಾಸಿಗೆಗಳ ಕೋಣೆಯನ್ನು ಬಹುಮಟ್ಟಿಗೆ ನಾಲ್ವರಿಗೆಂದು ಕೊಡುತ್ತಾರೆ, ಆ ನಾಲ್ವರಲ್ಲಿ ಮಕ್ಕಳನ್ನೂ ಎಣಿಸುವುದು ಸಾಮಾನ್ಯ.

ಮದುವೆಯಾಗದ ಗಂಡು ಹೆಣ್ಣು ಒಂದೇ ಕೋಣೆಯಲ್ಲಿ ತಂಗುವುದು ಅಪರಾಧವೆಂಬುದೂ ಇದೇ ಸಾಲಿಗೆ ಸೇರುವ ಮಾತು. ಅಂತಹ ನಿಷೇಧ ಯಾವ ಕಾನೂನಿನಲ್ಲೂ ಇಲ್ಲವೆಂದು ಮದ್ರಾಸ್ ಹೈಕೋರ್ಟ್ 2019ರಲ್ಲಿ ಹೇಳಿದೆ.

ಕೊನೆಯದು ಬಿಲ್ಲಿನ ಪ್ರಶ್ನೆ. ಎಕ್ಸ್‌ಟ್ರಾ ಬೆಡ್‌ನ ಹಣ ಕೋಣೆಯ ಬಾಡಿಗೆಗೆ ಹೊರತಾದದ್ದು, ಅದಕ್ಕೆ ಜಿಎಸ್‌ಟಿ ಇಲ್ಲ ಎಂದು ರಸೀದಿಯಿಲ್ಲದೆ ಕೈಗೆ ಕೈ ಪಡೆಯುವ ಪದ್ಧತಿಗೆ ಆಧಾರವಿಲ್ಲ. ಹೆಚ್ಚುವರಿ ಹಾಸಿಗೆಯನ್ನೂ ಸೇರಿಸಿ ಅತಿಥಿಯಿಂದ ಪಡೆದ ಇಡೀ ಮೊತ್ತಕ್ಕೆ ತೆರಿಗೆ ಸಲ್ಲುತ್ತದೆಂದು ಕೇಂದ್ರ ಪರೋಕ್ಷ ತೆರಿಗೆ ಮಂಡಳಿ 2018ರಲ್ಲೇ ಸ್ಪಷ್ಟಪಡಿಸಿದೆ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗಳಿಗೆ ಶೇ. 5, ಅದಕ್ಕೂ ಮೇಲಿನವುಗಳಿಗೆ ಶೇ. 18 ತೆರಿಗೆಯಿದೆ. ಹೋಟೆಲಿನವರ ಕೈಯನ್ನೂ ಕಾನೂನು ಕಟ್ಟದೆ ಬಿಟ್ಟಿಲ್ಲ. ಆನ್‌ಲೈನ್‌ನಲ್ಲಿ ಕಾದಿರಿಸುವಾಗ ಒಂದು ದರ ತೋರಿಸಿ, ಮುಚ್ಚಿಟ್ಟ ಶುಲ್ಕಗಳನ್ನು ಒಂದೊಂದಾಗಿ ಕೊನೆಗೆ ಹೊರತೆಗೆಯುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಮಾರ್ಗಸೂಚಿಗಳು ವಂಚನೆಯ ತಂತ್ರಗಳ ಪಟ್ಟಿಯಲ್ಲಿ ಸೇರಿಸಿವೆ. ಬಂದವರ ಸಂಖ್ಯೆಯನ್ನು ಮೊದಲೇ ಸರಿಯಾಗಿ ತಿಳಿಸಿದ್ದ ಕುಟುಂಬದಿಂದ ಚೆಕ್‌ಇನ್ ವೇಳೆ ಹೊಸ ಶುಲ್ಕ ಕೇಳಿದರೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915 ಸಂಖ್ಯೆಗೆ ಕರೆಮಾಡಿ ದೂರು ದಾಖಲಿಸಬಹುದು.