ಒಬ್ಬನೇ ಸಾಕ್ಷಿಯ ಮಾತು

ಕುಮಟೆ, ಹೊನ್ನಾವರ, ಭಟ್ಕಳಗಳ ಕಡೆಯವರಾದ ನಮಗೆ ಕೈಗಾ ಎಂಬ ಹೆಸರು ಹೊಸದಲ್ಲ. ಕಾಳಿ ನದಿಯ ದಂಡೆಯ ಆ ಅಣುಸ್ಥಾವರ 2000ನೆಯ ಇಸವಿಯಿಂದ ವಿದ್ಯುತ್ತನ್ನು ಕೊಡುತ್ತಿದೆ. ಅಲ್ಲಿಂದ ತಂತಿಯ ಮೇಲೆ ಹೊರಡುವ ವಿದ್ಯುತ್ತಿಗೆ ಲೆಕ್ಕವುಂಟು, ಮೀಟರು ಉಂಟು. ಆದರೆ ತಂತಿಯ ಹಂಗಿಲ್ಲದೆ, ಯಾವ ಮೀಟರಿಗೂ ಸಿಕ್ಕದೆ, ನಡುವಿನ ಬೆಟ್ಟಗಳನ್ನು ತೂರಿ, ನಮ್ಮ ಮನೆಯ ಗೋಡೆಯನ್ನೂ ಮೈಯನ್ನೂ ಹಾಯ್ದು ಮುಂದೆ ಸಾಗುವ ಇನ್ನೊಂದು ವಸ್ತುವೂ ಅಲ್ಲಿಂದ ಹೊರಬೀಳುತ್ತದೆ. ಅದು ನ್ಯೂಟ್ರಿನೊ ಕುಲದ ಕಣ.

ಕೇಳಿ ಬೆಚ್ಚಬೇಕಾಗಿಲ್ಲ. ಸೂರ್ಯನಿಂದ ಬರುವ ನ್ಯೂಟ್ರಿನೊಗಳೇ ಪ್ರತಿ ಚದರ ಸೆಂಟಿಮೀಟರಿಗೆ ಸೆಕೆಂಡಿಗೆ ಸುಮಾರು 6,500 ಕೋಟಿ. ಕೈಗಾದ ಪಾಲು ಅದರ ಮುಂದೆ ತೀರ ಅಲ್ಪ. ಹಗಲು ನೆತ್ತಿಯಿಂದ, ಇರುಳು ಭೂಮಿಯನ್ನೇ ತೂರಿ ಪಾದದಿಂದ ಅವು ನಮ್ಮನ್ನು ಹಾಯುತ್ತವೆ. ವಿದ್ಯುದಾವೇಶವಿಲ್ಲದ ಈ ಕಣಗಳು ದಾರಿಯಲ್ಲಿ ಯಾರನ್ನೂ ಮಾತನಾಡಿಸುವುದಿಲ್ಲವೆಂದರೂ ನಡೆದೀತು.

ಹಾಗಾದರೆ ಅವು ಉಂಟೆಂದು ತಿಳಿದುದು ಹೇಗೆ? 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಇಂಥದೊಂದು ಕಣ ಇರಬೇಕೆಂದು ಊಹಿಸಿದ. 1956ರಲ್ಲಿ ಅಮೆರಿಕದ ರೈನ್ಸ್ ಮತ್ತು ಕೋವನ್ ಅಣುಸ್ಥಾವರವೊಂದರ ಪಕ್ಕದಲ್ಲಿ ಅದರ ಸುಳಿವನ್ನು ಹಿಡಿದರು. ಮುಂದಿನ ದೊಡ್ಡ ಹೆಜ್ಜೆಗಳಲ್ಲೊಂದು ನಮ್ಮ ನಾಡಿನಲ್ಲೇ, ಕೋಲಾರದ ಚಿನ್ನದ ಗಣಿಯಲ್ಲಿ ನಡೆಯಿತು.

1965ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ, ಜಪಾನಿನ ಒಸಾಕ, ಇಂಗ್ಲೆಂಡಿನ ಡರ್ಹಂ ವಿದ್ವಾಂಸರು ಒಂದುಗೂಡಿ ನೆಲದಡಿ ಸುಮಾರು 2,300 ಮೀಟರ್ ಆಳದಲ್ಲಿ ಉಪಕರಣಗಳನ್ನು ಹೂಡಿದ್ದರು. ಎಂ. ಜಿ. ಕೆ. ಮೆನನ್ ಅವರೊಡನೆ ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಅವರೂ ಆ ತಂಡದಲ್ಲಿದ್ದರು. ವಿಶ್ವಕಿರಣಗಳಿಂದ ಹುಟ್ಟಿ ಮೇಲಿನಿಂದ ಸುರಿಯುವ ಮ್ಯೂಆನ್ ಕಣಗಳನ್ನು ಅಷ್ಟು ಬಂಡೆ ಬಹುಮಟ್ಟಿಗೆ ತಡೆಯುತ್ತದೆ. ಆದರೂ ಅಡ್ಡಡ್ಡಲಾಗಿ ಬಂದ ಮ್ಯೂಆನುಗಳು ಕಂಡವು. ಆ ದಿಕ್ಕಿನಲ್ಲಿ ದಾಟಬೇಕಾದ ಬಂಡೆ ಇನ್ನೂ ಎಷ್ಟೋ ಪಾಲು ಹೆಚ್ಚು. ಮ್ಯೂಆನು ಅದನ್ನು ದಾಟಲಾರದು. ಎಂದ ಮೇಲೆ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಅಲ್ಲಿಯ ಕಲ್ಲಿನೊಳಗಿನ ಒಂದು ಪರಮಾಣುಬೀಜಕ್ಕೆ ತಾಗಿ ಮ್ಯೂಆನನ್ನು ಹೊರಚಿಮ್ಮಿಸಿರಬೇಕು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೋಲಾರದಲ್ಲಿ ಕಂಡದ್ದು ನ್ಯೂಟ್ರಿನೊ ಅಲ್ಲ. ಅದರ ಹೊಡೆತದ ಫಲ. ಘಟನೆಯನ್ನು ಬಲ್ಲ ಸಾಕ್ಷಿ ಒಬ್ಬನೇ, ಹೊಡೆತ ತಿಂದ ಪರಮಾಣುಬೀಜ. ಆ ಸಾಕ್ಷಿಯ ಮಾತನ್ನು ಎಷ್ಟರಮಟ್ಟಿಗೆ ನಂಬಬಹುದು? ಇಂದಿನ ನ್ಯೂಟ್ರಿನೊ ವಿಜ್ಞಾನದ ಬಹು ದೊಡ್ಡ ತೊಡಕು ಇದೇ ಎಂದು ನಾನು ತಿಳಿದಿದ್ದೇನೆ.

ಪರಮಾಣುಬೀಜವೆಂದರೆ ಬುಟ್ಟಿಯಲ್ಲಿ ಪೇರಿಸಿಟ್ಟ ಲಿಂಬೆಹಣ್ಣುಗಳಲ್ಲ. ನಮ್ಮ ಕಡೆಯ ರಂಪಣಿ ಬಲೆಯನ್ನು ದಡಕ್ಕೆಳೆದಾಗ ಅದರೊಳಗೆ ಒದ್ದಾಡುವ ಬಂಗಡೆಯ ರಾಶಿಯನ್ನು ನೆನೆದುಕೊಳ್ಳಿ. ಪ್ರೋಟಾನು, ನ್ಯೂಟ್ರಾನುಗಳು ಹಾಗೆ ಸದಾ ಚಲಿಸುತ್ತಿರುತ್ತವೆ. ನ್ಯೂಟ್ರಿನೊ ತಾಗಿದಾಗ ಆ ಕಣ ಯಾವ ಕಡೆಗೆ ಓಡುತ್ತಿತ್ತೆಂಬುದು ನಮಗೆ ತಿಳಿಯದು. ಅದನ್ನು ಬೀಜದಿಂದ ಬಿಡಿಸಲು ಕೊಂಚ ಶಕ್ತಿ ವ್ಯಯವಾಗುತ್ತದೆ. ಹೊರಬರುವಾಗ ಅದು ನೆರೆಯವರಿಗೆ ಡಿಕ್ಕಿ ಹೊಡೆದು ದಿಕ್ಕು ಬದಲಿಸಬಹುದು, ಹೊರಬರದೆಯೇ ಉಳಿಯಬಹುದು. ಕೆಲವು ಸಲ ಹೊಡೆತ ಒಂದು ಕಣಕ್ಕಲ್ಲ, ಜೋಡಿಯಾಗಿರುವ ಎರಡಕ್ಕೆ ಬೀಳುತ್ತದೆ. ಪೌಲಿಯದೇ ಇನ್ನೊಂದು ನಿಯಮದಂತೆ, ಈಗಾಗಲೇ ತುಂಬಿರುವ ಸ್ಥಾನಕ್ಕೆ ಮತ್ತೊಂದು ಕಣ ಹೋಗುವಂತಿಲ್ಲ. ಅದರಿಂದ ಕೆಲವು ಘಟನೆಗಳು ನಡೆಯುವುದೇ ಇಲ್ಲ.

ಇದು ಬರಿಯ ಊಹೆಯಲ್ಲ. 1983ರಲ್ಲಿ ಜಿನೀವಾದ ಸೆರ್ನ್ ಪ್ರಯೋಗಶಾಲೆಯವರು ಮ್ಯೂಆನುಗಳನ್ನು ಕಬ್ಬಿಣಕ್ಕೂ ಡ್ಯೂಟೀರಿಯಮ್ಮಿಗೂ ಹೊಡೆದು ಹೋಲಿಸಿದಾಗ, ಕಬ್ಬಿಣದ ಬೀಜದೊಳಗಿನ ಪ್ರೋಟಾನು, ನ್ಯೂಟ್ರಾನುಗಳ ಒಳರಚನೆಯೇ ಬೇರೆಯಾಗಿ ತೋರಿತು. ಅಂಥದೇ ಕಬ್ಬಿಣ ನಮ್ಮ ಭಟ್ಕಳದ ಚಿರೇಕಲ್ಲಿಗೆ ಕೆಂಪು ಬಣ್ಣ ಕೊಟ್ಟಿದೆ. 2010ರಲ್ಲಿ ಅಮೆರಿಕದ ಫರ್ಮಿ ಪ್ರಯೋಗಶಾಲೆಯ ಮಿನಿಬೂನ್ ತಂಡ, ಇಂಗಾಲದ ಬೀಜಗಳಿಗೆ ನ್ಯೂಟ್ರಿನೊ ತಾಗುವ ಘಟನೆಗಳು ಅಂದಿನ ಸರಳ ಲೆಕ್ಕಕ್ಕಿಂತ ಹೆಚ್ಚೆಂದು ಪ್ರಕಟಿಸಿತು. ಜೋಡಿಕಣಗಳನ್ನು ಲೆಕ್ಕಕ್ಕೆ ಹಿಡಿದ ಮೇಲೆ ಆ ಅಂತರ ಬಹುಪಾಲು ಅರ್ಥವಾಯಿತು.

ಮಾನ್ಯ ಶ್ರೋತೃಗಳೇ, ಇಷ್ಟು ಸೂಕ್ಷ್ಮವಾದ ಲೆಕ್ಕ ನಮಗೇಕೆ ಎಂದು ನೀವು ಕೇಳಬಹುದು. ನ್ಯೂಟ್ರಿನೊಗಳಲ್ಲಿ ಮೂರು ಬಗೆ. ದಾರಿಯಲ್ಲೇ ಅವು ಒಂದು ಬಗೆಯಿಂದ ಇನ್ನೊಂದಕ್ಕೆ ಮಾರ್ಪಡುತ್ತವೆ. ಈ ಮಾರ್ಪಾಡು ಅವುಗಳ ಶಕ್ತಿಯನ್ನು ಅವಲಂಬಿಸಿದೆ. ನ್ಯೂಟ್ರಿನೊವೂ ಅದರ ಪ್ರತಿಕಣವೂ ಒಂದೇ ರೀತಿ ಮಾರ್ಪಡುತ್ತವೆಯೇ ಎಂಬುದು ತಿಳಿದರೆ, ಜಗತ್ತಿನಲ್ಲಿ ದ್ರವ್ಯ ಉಳಿದು ಪ್ರತಿದ್ರವ್ಯ ಏಕೆ ಇಲ್ಲವಾಯಿತೆಂಬ ಪ್ರಶ್ನೆಗೆ ಸುಳಿವು ಸಿಕ್ಕೀತು. ನಾವು ನೀವು ಇರುವುದೇ ಆ ಉಳಿವಿನಿಂದ. ಆದರೆ ಬರುವ ನ್ಯೂಟ್ರಿನೊವಿನ ಶಕ್ತಿ ಮುಂಚೆಯೇ ಗೊತ್ತಿರುವುದಿಲ್ಲ. ಹೊರಬಿದ್ದ ಚೂರುಗಳಿಂದ ಅದನ್ನು ಲೆಕ್ಕ ಹಾಕಬೇಕು. ಬೀಜದೊಳಗಿನ ಗಲಿಬಿಲಿಯನ್ನು ಅರಿಯದೆ ಲೆಕ್ಕ ಹಾಕಿದರೆ, ಇಲ್ಲದ ವ್ಯತ್ಯಾಸವನ್ನು ಕಂಡೇವು, ಇರುವುದನ್ನು ಕಾಣದೆ ಹೋದೇವು.

ಆದ್ದರಿಂದ ವಿಜ್ಞಾನಿಗಳು ಸಾಕ್ಷಿಯನ್ನು ಪಾಟೀಸವಾಲಿಗೆ ಗುರಿಮಾಡುತ್ತಾರೆ. ಅದೇ ಜಾತಿಯ ಬೀಜಕ್ಕೆ ಎಲೆಕ್ಟ್ರಾನುಗಳನ್ನು ಹೊಡೆಯುತ್ತಾರೆ. ಎಲೆಕ್ಟ್ರಾನಿಗೆ ವಿದ್ಯುದಾವೇಶವುಂಟು, ಅದರ ಶಕ್ತಿಯನ್ನು ಮುಂಚೆಯೇ ನಿಶ್ಚಯಿಸಬಹುದು. ಉತ್ತರ ಗೊತ್ತಿರುವ ಪ್ರಶ್ನೆಯನ್ನು ಕೇಳಿ ಸಾಕ್ಷಿಯನ್ನು ಪರೀಕ್ಷಿಸುವ ಕ್ರಮವಿದು. ನ್ಯೂಟ್ರಿನೊವಿನ ಹೊಡೆತದಲ್ಲಿ ಎಲೆಕ್ಟ್ರಾನಿಗಿಲ್ಲದ ಒಂದು ಅಂಶವಿದೆ, ನಿಜ. ಆದರೂ ಬೀಜದ ಒಳಗಿನ ಸಂದಣಿ ಎರಡಕ್ಕೂ ಒಂದೇ. ಅಮೆರಿಕದ ಜೆಫರ್ಸನ್ ಪ್ರಯೋಗಶಾಲೆಯ ಎಲೆಕ್ಟ್ರಾನ್ ಘಟನೆಗಳಿಗೆ ನ್ಯೂಟ್ರಿನೊವಿನ ಲೆಕ್ಕದ ಕ್ರಮವನ್ನೇ ಅನ್ವಯಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಸರಿಯಾದ ಶಕ್ತಿ ದೊರೆತದ್ದು ಅರ್ಧಕ್ಕಿಂತ ಕಡಮೆ ಘಟನೆಗಳಲ್ಲಿ. ಕಬ್ಬಿಣದಂಥ ಭಾರದ ಬೀಜಗಳಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಇಂಥ ಫಲಿತಾಂಶಗಳಿಂದ ಲೆಕ್ಕದ ಮಾದರಿಗಳನ್ನು ತಿದ್ದುವ ಕೆಲಸ ನಡೆದಿದೆ.

ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅದರ ಆಳದಲ್ಲಿ ಅಂದು ಕೇಳಿದ ಪ್ರಶ್ನೆ, ನ್ಯೂಟ್ರಿನೊ ಬಂದಿತೇ ಎಂಬುದು. ಬಂದಿತೆಂದು ಕಲ್ಲು ಹೇಳಿತು. ಬಂದದ್ದು ಎಷ್ಟು ಶಕ್ತಿಯನ್ನು ಹೊತ್ತು ತಂದಿತ್ತು ಎಂಬುದು ಇಂದಿನ ಪ್ರಶ್ನೆ. ಅದಕ್ಕೆ ಉತ್ತರ ಬೇಕಾದರೆ ಮೊದಲು ಕಲ್ಲಿನೊಳಗಿನ ಬೀಜದ ಸ್ವಭಾವವನ್ನು ಚೆನ್ನಾಗಿ ಅರಿತುಕೊಳ್ಳಬೇಕು.