ಪರದೆಯ ಜಾತಕ

ಮನೆಯ ಕಂಪ್ಯೂಟರು ಗುಂಯ್‌ಗುಡುತ್ತಿದೆ. ಅದರ ದೀಪವೂ ಉರಿಯುತ್ತಿದೆ. ಮಾನಿಟರಿನ ಮೇಲೆ ಮಾತ್ರ ‘ನೋ ಸಿಗ್ನಲ್’ ಎಂಬ ಎರಡು ಪದಗಳು ಅತ್ತಿಂದಿತ್ತ ತೇಲಾಡಿ, ಕೊನೆಗೆ ಅವೂ ಆರಿಹೋಗುತ್ತವೆ. ಬೆಳಗಾಗುವುದರೊಳಗೆ ಕಚೇರಿಗೆ ಲೆಕ್ಕಪತ್ರವನ್ನು ಒಪ್ಪಿಸಬೇಕಾದ ಗೃಹಸ್ಥನಿಗೆ, ಪ್ರವೇಶ ಪರೀಕ್ಷೆಯ ಅರ್ಜಿಗೆ ಕೊನೆಯ ದಿನವನ್ನು ಎದುರಿಸುತ್ತಿರುವ ಮಗಳಿಗೆ, ಆ ಹೊತ್ತಿನಲ್ಲಿ ಹೊಳೆಯುವ ದಾರಿ ಒಂದೇ: ಹೊಸ ಮಾನಿಟರು. ತಿಂಗಳ ಕೊನೆಯಲ್ಲಿ ಹೇಗೋ ಹಣ ಹೊಂದಿಸಿ ಅದನ್ನು ತಂದದ್ದಾಯಿತು, ಹಳೆಯದು ಅಟ್ಟವನ್ನೇರಿತು. ಹೀಗೆ ಅಟ್ಟವನ್ನೇರಿದ ಮಾನಿಟರುಗಳಲ್ಲಿ ಕೆಲವಕ್ಕೆ ಯಾವ ರೋಗವೂ ಇರುವುದಿಲ್ಲ. ಪರದೆಗೂ ಕಂಪ್ಯೂಟರಿಗೂ ನಡುವೆ ನಡೆಯಬೇಕಾಗಿದ್ದ ಮಾತುಕತೆಯಷ್ಟೇ ಕೆಟ್ಟಿರುತ್ತದೆ. ಆ ಮಾತುಕತೆಯನ್ನು ಸರಿಪಡಿಸುವುದಕ್ಕೆ ಹೆಬ್ಬೆರಳಿನ ಗಾತ್ರದ ಒಂದು ಸಾಧನವುಂಟು. ಡಿಸ್‌ಪ್ಲೇ ಎಮ್ಯುಲೇಟರ್ ಎಂದು ಅದಕ್ಕೆ ಹೆಸರು.

ಮಾತುಕತೆಯೆ? ಯಂತ್ರಕ್ಕೂ ಯಂತ್ರಕ್ಕೂ ಎಂಥ ಮಾತುಕತೆ ಎಂದು ಕೇಳುವವರುಂಟು. ಕಂಪ್ಯೂಟರಿಗೂ ಮಾನಿಟರಿಗೂ ಇರುವ ಸಂಬಂಧ ನಲ್ಲಿಗೂ ಕೊಡಕ್ಕೂ ಇರುವಂಥದು ಎಂಬುದೇ ಸಾಮಾನ್ಯವಾದ ಭಾವನೆ. ವಾಸ್ತವದಲ್ಲಿ ಚಿತ್ರದ ಒಂದು ಚುಕ್ಕೆಯೂ ಹರಿಯುವ ಮೊದಲು ಇವೆರಡರ ನಡುವೆ ಒಂದು ವಿಚಾರಣೆ ನಡೆಯುತ್ತದೆ. ಆ ಕಡೆ ಯಾರಾದರೂ ಇದ್ದಾರೆಯೆ? ಇದ್ದರೆ ಯಾವ ಮನೆತನದವರು? ಎಷ್ಟು ಅಗಲದ, ಎಷ್ಟು ವೇಗದ ಚಿತ್ರವನ್ನು ತಾಳಬಲ್ಲರು? ಮೊದಲನೆಯ ಪ್ರಶ್ನೆಗೇ ಉತ್ತರ ಬಾರದಿದ್ದರೆ ಕಂಪ್ಯೂಟರು ಚಿತ್ರವನ್ನು ಕಳುಹಿಸುವ ಗೋಜಿಗೇ ಹೋಗದಿರಬಹುದು. ಉಳಿದವುಗಳ ಉತ್ತರ ಅಸ್ಪಷ್ಟವಾಗಿದ್ದರೆ, ಯಾರಿಗಾದರೂ ಹೊಂದೀತೆಂದು 640×480 ಅಥವಾ 1024×768 ಚುಕ್ಕೆಗಳ ಒರಟು ಚಿತ್ರವೊಂದನ್ನು ಕಳುಹಿಸಿ ಕೈತೊಳೆದುಕೊಳ್ಳುತ್ತದೆ.

ಈ ವಿಚಾರಣೆ ಮೊದಲಿನಿಂದ ಇದ್ದುದಲ್ಲ. 1987ರಲ್ಲಿ ಐಬಿಎಂ ಸಂಸ್ಥೆ ವಿಜಿಎ ಪದ್ಧತಿಯನ್ನು ತಂದಾಗ ಅದರ 15 ಸೂಜಿಗಳ ಪ್ಲಗ್ಗಿನಲ್ಲಿ ಕೆಲವನ್ನು ಗುರುತಿಗೆಂದು ಮೀಸಲಿಟ್ಟಿತ್ತು. ಮಾನಿಟರು ಬಣ್ಣದ್ದೋ ಕಪ್ಪುಬಿಳುಪಿನದೋ ಎಂಬಂಥ ಅಲ್ಪ ಸಂಗತಿಗಳನ್ನಷ್ಟೇ ಅವು ತಿಳಿಸಬಲ್ಲವಾಗಿದ್ದುವು. ಉಳಿದುದನ್ನೆಲ್ಲ ಬಳಸುವವನೇ ತಿಳಿದಿರಬೇಕಾಗಿತ್ತು. 1990ರ ದಶಕದಲ್ಲಿ ಲಿನಕ್ಸ್ ಬಳಸುತ್ತಿದ್ದವರು ತಮ್ಮ ಮಾನಿಟರಿನ ಆವರ್ತನಗಳ ಮೇಲ್ಮಿತಿ ಕೆಳಮಿತಿಗಳನ್ನು ಕೈಪಿಡಿಯಲ್ಲಿ ಹುಡುಕಿ ಕೈಯಾರೆ ಬರೆದುಕೊಡುತ್ತಿದ್ದರು. ಅಂಕಿ ತಪ್ಪಿದರೆ ಗಾಜಿನ ಕೊಳವೆಯ ಕೆಲವು ಹಳೆಯ ಮಾನಿಟರುಗಳು ಕೆಟ್ಟೇ ಹೋಗುವ ಭಯವಿದ್ದಿತು. 1994ರಲ್ಲಿ ವೆಸಾ ಎಂಬ ಒಕ್ಕೂಟ (ಪರದೇಶಕ್ಕೆ ಹೋಗುವವರ ವೀಸಾಕ್ಕೂ ಇದಕ್ಕೂ ಸಂಬಂಧವಿಲ್ಲ) ಈ ತೊಡಕಿಗೆ ಒಂದು ಪರಿಹಾರವನ್ನು ಗೊತ್ತುಪಡಿಸಿತು. ಪ್ರತಿಯೊಂದು ಮಾನಿಟರೂ ತನ್ನ ವೃತ್ತಾಂತವನ್ನು ತನ್ನೊಳಗೇ ಬರೆದಿಟ್ಟುಕೊಂಡಿರಬೇಕು, ಕೇಳಿದಾಗ ಒಪ್ಪಿಸಬೇಕು. ಆ ಬರಹಕ್ಕೆ ಇಡಿಐಡಿ ಎಂದು ಹೆಸರಾಯಿತು. ಅದರ ಉದ್ದ 128 ಬೈಟುಗಳು, ಎಂದರೆ 128 ಪುಟ್ಟ ಅಂಕಿಗಳು.

ಇದನ್ನು ಜಾತಕವೆಂದು ಕರೆದರೆ ಅತಿಶಯೋಕ್ತಿಯಾಗಲಾರದು. ಲಗ್ನಪತ್ರಿಕೆಯ ತಲೆಯ ಮೇಲೆ ‘ಶ್ರೀ’ಕಾರವಿರುವಂತೆ ಇದರ ಮೊದಲ ಎಂಟು ಅಂಕಿಗಳು ಎಲ್ಲ ಮಾನಿಟರುಗಳಲ್ಲಿಯೂ ಒಂದೇ: ಒಂದು ಸೊನ್ನೆ, ಆರು ಸಲ 255, ಮತ್ತೆ ಒಂದು ಸೊನ್ನೆ. ಅನಂತರ ತಯಾರಿಸಿದವರ ಹೆಸರು ಮೂರು ಅಕ್ಷರಗಳಲ್ಲಿ ಬರುತ್ತದೆ, ಅದನ್ನು ಗೋತ್ರವೆನ್ನಬಹುದು. ಬಳಿಕ ಮಾದರಿಯ ಸಂಖ್ಯೆ, ಹುಟ್ಟಿದ ವಾರ, ಹುಟ್ಟಿದ ವರ್ಷ. ವರ್ಷವನ್ನು 1990ರಿಂದ ಎಣಿಸುವುದು ವಾಡಿಕೆಯಾದುದರಿಂದ 2024ರಲ್ಲಿ ತಯಾರಾದ ಮಾನಿಟರು ತನ್ನ ವರ್ಷವನ್ನು 34 ಎಂದು ಬರೆದುಕೊಂಡಿರುತ್ತದೆ. ಪರದೆಯ ಅಗಲ ಎತ್ತರಗಳು ಸೆಂಟಿಮೀಟರುಗಳಲ್ಲಿ, ಅದು ತೋರಬಲ್ಲ ಬಣ್ಣಗಳ ಎಲ್ಲೆ, ಒಪ್ಪುವ ಚಿತ್ರದ ಅಳತೆಗಳು ಎಲ್ಲವೂ ಇದರಲ್ಲಿ ಅಡಕವಾಗಿವೆ. ಕೊನೆಯ ಅಂಕಿಯ ಕೆಲಸ ಕಾವಲು. 128 ಅಂಕಿಗಳನ್ನೂ ಕೂಡಿದರೆ ಮೊತ್ತವು 256ರಿಂದ ಶೇಷವಿಲ್ಲದೆ ಭಾಗವಾಗಬೇಕು. ಹಾಗಾಗುವಂತೆ ಆ ಕೊನೆಯ ಅಂಕಿಯನ್ನು ಆರಿಸಿಟ್ಟಿರುತ್ತಾರೆ. ಅಂಗಡಿಯವನು ದಿನದ ಕೊನೆಗೆ ಕಿರ್ದಿಯನ್ನು ತಾಳೆ ನೋಡುವಂತೆ ಕಂಪ್ಯೂಟರು ಇದನ್ನು ಪರೀಕ್ಷಿಸುತ್ತದೆ. ತಾಳೆಯಾಗದ ಜಾತಕವನ್ನು ಅದು ನಂಬಬೇಕಾಗಿಲ್ಲ.

ಈಗ ಮನೆಮನೆಗಳಲ್ಲಿ ಬಳಕೆಯಲ್ಲಿರುವ ಎಚ್‌ಡಿಎಂಐ ಪ್ಲಗ್ಗಿನಲ್ಲಿ 19 ಸೂಜಿಗಳಿವೆ. ಅವುಗಳಲ್ಲಿ 15 ಮತ್ತು 16ನೆಯವು ಜಾತಕವನ್ನು ಓದಿ ಹೇಳುವ ತಂತಿಗಳಿಗೆ ಸೇರಿದವು. 18ನೆಯದರ ಮೂಲಕ ಕಂಪ್ಯೂಟರು 5 ವೋಲ್ಟ್ ವಿದ್ಯುತ್ತನ್ನು ಕಳುಹಿಸುತ್ತದೆ. ಮಾನಿಟರು 19ನೆಯದರ ಮೂಲಕ ವಿದ್ಯುತ್ತನ್ನು ಮರಳಿ ತೋರಿಸಿದರೆ, ಹಾಜರಿ ಕರೆಯುವಾಗ ಹುಡುಗನೊಬ್ಬನು ‘ಹಾಜರ್ ಸಾರ್’ ಎಂದಂತೆ. ಆ ಸೂಜಿಯಲ್ಲಿ ವಿದ್ಯುತ್ತು ಇಳಿದೊಡನೆಯೇ ಕಂಪ್ಯೂಟರು ಆ ಮಾನಿಟರಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುತ್ತದೆ.

ತೊಂದರೆಗಳು ಹುಟ್ಟುವುದು ಇಲ್ಲಿಯೇ. ಕೆಲವು ಮಾನಿಟರುಗಳು ನಿದ್ರಿಸುವಾಗ ಆ ಹಾಜರಿಯ ತಂತಿಯನ್ನೂ ಬಿಟ್ಟುಬಿಡುತ್ತವೆ. ಎರಡು ಪರದೆಗಳನ್ನಿಟ್ಟುಕೊಂಡು ಕೆಲಸ ಮಾಡುವವರು ಊಟ ಮುಗಿಸಿ ಬರುವಷ್ಟರಲ್ಲಿ, ಒಪ್ಪವಾಗಿ ತೆರೆದಿಟ್ಟಿದ್ದ ಪುಟಗಳೆಲ್ಲ ಒಂದೇ ಪರದೆಯ ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಒಂದೇ ಮಾನಿಟರನ್ನು ಎರಡು ಕಂಪ್ಯೂಟರುಗಳಿಗೆ ಹಂಚುವ ಅಗ್ಗದ ಸ್ವಿಚ್ಚುಗಳದೂ ಇದೇ ಕಥೆ. ಒಂದರಿಂದ ಇನ್ನೊಂದಕ್ಕೆ ತಿರುಗಿಸಿದ ಕ್ಷಣವೇ ಮೊದಲನೆಯದು ತನ್ನ ಪರದೆ ಗತಿಸಿತೆಂದು ಭಾವಿಸುತ್ತದೆ. ಸಭಾಂಗಣಗಳಲ್ಲಿ ಪ್ರೊಜೆಕ್ಟರಿಗೆ ಎಳೆದಿರುವ ಉದ್ದನೆಯ ತಂತಿಗಳಲ್ಲಿ ಜಾತಕದ ಅಂಕಿಗಳು ದಾರಿಯಲ್ಲಿಯೇ ಅಳಿಸಿಹೋಗುವುದುಂಟು. ಭಾಷಣಕಾರರು ವೇದಿಕೆಯ ಮೇಲೆ ನಿಂತಿದ್ದಾರೆ, ಸಭಿಕರು ಕಾದಿದ್ದಾರೆ, ಹಿಂದಿನ ಗೋಡೆಯ ಮೇಲೆ ನೀಲಿ ಬಣ್ಣವೊಂದೇ ಇದೆ—ಈ ದೃಶ್ಯವನ್ನು ಕಾಣದವರು ವಿರಳ.

ಇನ್ನೊಂದು ಬಗೆಯ ತೊಂದರೆ ಇದಕ್ಕಿಂತ ವಿಚಿತ್ರವಾದುದು. ಬೇರೆ ಊರಿನಲ್ಲಿರುವ ಮಗನು ಮನೆಯ ಕಂಪ್ಯೂಟರನ್ನು ದೂರದಿಂದಲೇ ತೆರೆದು ಕೆಲಸ ಮಾಡಲು ಹವಣಿಸುತ್ತಾನೆ. ಆ ಕಂಪ್ಯೂಟರಿಗೆ ಮಾನಿಟರು ಹಚ್ಚಿಲ್ಲ, ಅಥವಾ ತಾಯಿ ರಾತ್ರಿ ಅದನ್ನು ಆರಿಸಿ ಮಲಗಿದ್ದಾರೆ. ನೋಡುವವರಿಲ್ಲದ ಮೇಲೆ ಚಿತ್ರವೇಕೆಂದು ಕಂಪ್ಯೂಟರಿನ ಚಿತ್ರಫಲಕವು ಸುಮ್ಮನಾಗುತ್ತದೆ. ದೂರದಲ್ಲಿರುವವನಿಗೆ ದೊರಕುವುದು ಕಪ್ಪು ಪರದೆ, ಇಲ್ಲವೆ ಅಂಗೈಯಗಲದ ಮಸುಕು ಚಿತ್ರ.

ಎಮ್ಯುಲೇಟರು ಈ ಎಲ್ಲ ಕಡೆಗಳಲ್ಲಿಯೂ ಮಾಡುವುದು ಒಂದೇ ಕೆಲಸ. ಗೈರುಹಾಜರಾದ ಗೆಳೆಯನ ಪರವಾಗಿ ಹಿಂದಿನ ಬೆಂಚಿನಿಂದ ‘ಹಾಜರ್’ ಎನ್ನುತ್ತದೆ. ಅದರ ಹೊಟ್ಟೆಯಲ್ಲಿ ಜಾತಕದ ನಕಲನ್ನು ಹೊತ್ತ ಒಂದು ಸಣ್ಣ ಸ್ಮೃತಿಚಿಪ್ಪು ಇರುತ್ತದೆ. ಹಾಜರಿಯ ಸೂಜಿಯನ್ನು ಸದಾ ಜೀವಂತವಾಗಿಡುವ ಏರ್ಪಾಡಿರುತ್ತದೆ. ಕಂಪ್ಯೂಟರು ಕಳುಹಿಸುವ 5 ವೋಲ್ಟ್ ವಿದ್ಯುತ್ತೇ ಅದಕ್ಕೆ ಆಹಾರ. ಎಚ್‌ಡಿಎಂಐ ಬರುವ ಮೊದಲೂ ಇಂಥ ಉಪಾಯಗಳಿದ್ದುವು. ವಿಜಿಎ ಪ್ಲಗ್ಗಿನಲ್ಲಿ ಕೆಂಪು, ಹಸುರು, ನೀಲಿ ತಂತಿಗಳಿಗೂ ಅವುಗಳ ಭೂತಂತಿಗಳಿಗೂ ನಡುವೆ 75 ಓಮ್‌ಗಳ ರೋಧಕಗಳನ್ನು ಸಿಕ್ಕಿಸಿ, ಮಾನಿಟರಿದೆಯೆಂದು ಕಂಪ್ಯೂಟರನ್ನು ನಂಬಿಸುವ ಜಾಣರು ಅಂದೂ ಇದ್ದರು.

ಇವುಗಳಲ್ಲಿ ಎರಡು ಜಾತಿ. ಒಂದು, ಮುಂದೆ ತಂತಿಯೇ ಇಲ್ಲದ ಮೊಂಡು ಪ್ಲಗ್ಗು. ಕೆಲವು ನೂರು ರೂಪಾಯಿಗಳಿಗೆ ಸಿಕ್ಕುತ್ತದೆ. ಮಾನಿಟರೇ ಇಲ್ಲದ ಕಂಪ್ಯೂಟರಿಗೆ, ದೂರದಿಂದ ಕೆಲಸ ಮಾಡುವವರಿಗೆ ಇದು ಸಾಕು. ಇನ್ನೊಂದು, ತಂತಿಗೂ ಕಂಪ್ಯೂಟರಿಗೂ ನಡುವೆ ಕೂಡಿಸುವಂಥದು. ಚಿತ್ರವನ್ನು ಮುಟ್ಟದೆ ಮುಂದಕ್ಕೆ ಬಿಟ್ಟು, ವಿಚಾರಣೆಗೆ ಮಾತ್ರ ತಾನೇ ಉತ್ತರ ಕೊಡುತ್ತದೆ. ಮಾನಿಟರು ಮಲಗಿದರೂ, ಸ್ವಿಚ್ಚು ತಿರುಗಿದರೂ ಕಂಪ್ಯೂಟರಿಗೆ ಸುಳಿವೇ ಸಿಕ್ಕುವುದಿಲ್ಲ. ಪುಟಗಳು ಇಟ್ಟಲ್ಲಿಯೇ ಇರುತ್ತವೆ.

ಆದರೆ ಸುಳ್ಳುಸಾಕ್ಷಿಗೆ ಸುಳ್ಳುಸಾಕ್ಷಿಯ ಅಪಾಯಗಳೂ ಇದ್ದೇ ಇವೆ. 4ಕೆ ಚಿತ್ರವನ್ನು ತಾಳಬಲ್ಲೆನೆಂದು ಸಾರುವ ನಕಲು ಜಾತಕವನ್ನು ಸಾಧಾರಣ ಮಾನಿಟರಿನ ಮುಂದೆ ಕೂಡಿಸಿದರೆ, ಕಂಪ್ಯೂಟರು ಆ ಮಾತನ್ನು ನಂಬಿ ಮಾನಿಟರಿನ ಶಕ್ತಿಗೆ ಮೀರಿದ ಚಿತ್ರವನ್ನು ಕಳುಹಿಸುತ್ತದೆ. ಪರದೆ ಮತ್ತೆ ಕಪ್ಪಾಗುತ್ತದೆ. ಧ್ವನಿಯ ಸಂಗತಿಗಳು ಜಾತಕದ ಎರಡನೆಯ ಪುಟದಲ್ಲಿ, ಎಂದರೆ ಅನಂತರ ಸೇರಿಸಿದ ಇನ್ನೊಂದು 128 ಬೈಟುಗಳ ಭಾಗದಲ್ಲಿ ಇರುತ್ತವೆ. ಆ ಪುಟವಿಲ್ಲದ ನಕಲನ್ನು ಬಳಸಿದವರಿಗೆ ಚಿತ್ರ ಬಂದೀತು, ಮಾತು ಹೋದೀತು. ಮೊಂಡು ಪ್ಲಗ್ಗನ್ನು ನಿಜವಾದ ಮಾನಿಟರಿನ ಜೊತೆಯಲ್ಲಿಯೇ ಬಿಟ್ಟರೆ ಕಂಪ್ಯೂಟರು ತನಗೆ ಎರಡು ಪರದೆಗಳಿವೆಯೆಂದು ತಿಳಿಯುತ್ತದೆ. ಆಗ ಮೌಸಿನ ಬಾಣವು ಅಂಚನ್ನು ದಾಟಿ ಕಾಣದ ಲೋಕಕ್ಕೆ ಹೋಗಿಬಿಡುತ್ತದೆ. ಗುಪ್ತಪದವನ್ನು ಕೇಳುವ ಪೆಟ್ಟಿಗೆಯೂ ಒಮ್ಮೊಮ್ಮೆ ಆ ಲೋಕದಲ್ಲಿಯೇ ತೆರೆದುಕೊಂಡು, ಮನೆಯವರನ್ನೆಲ್ಲ ಗಲಿಬಿಲಿಗೊಳಿಸುತ್ತದೆ.

ಚಲನಚಿತ್ರಗಳ ವಿಷಯದಲ್ಲಿಯಂತೂ ಮೊಂಡು ಪ್ಲಗ್ಗಿನ ಆಟ ನಡೆಯದು. ಕಳ್ಳಪ್ರತಿಯನ್ನು ತಡೆಯುವುದಕ್ಕಾಗಿ ಬೀಗ ಹಾಕಿದ ಚಿತ್ರಗಳನ್ನು ತೋರಿಸುವ ಮುನ್ನ ಕಂಪ್ಯೂಟರು ಅದೇ ಎರಡು ತಂತಿಗಳ ಮೂಲಕ ಮಾನಿಟರಿನ ಗುಪ್ತ ಕೀಲಿಯನ್ನು ಪರೀಕ್ಷಿಸುತ್ತದೆ. ಜಾತಕವನ್ನು ನಕಲು ಮಾಡುವುದು ಸುಲಭ. ಆ ಕೀಲಿ ಪ್ಲಗ್ಗಿನ ಬಳಿ ಇರುವುದಿಲ್ಲ.

ಹಾಗಾದರೆ ಪರದೆ ಕಪ್ಪಾದ ಗೃಹಸ್ಥನು ಒಡನೆಯೇ ಎಮ್ಯುಲೇಟರನ್ನು ಕೊಳ್ಳಬೇಕೆ? ಅವಸರ ಬೇಡ. ಮಾನಿಟರಿನ ಅಂಚಿನಲ್ಲಿರುವ ಗುಂಡಿಯನ್ನು ಒತ್ತಿದಾಗ ಅದರದೇ ಆದ ಪಟ್ಟಿ ಪರದೆಯ ಮೇಲೆ ಮೂಡಿದರೆ, ಪರದೆಯೂ ಅದರ ಬೆಳಕೂ ಜೀವದಿಂದಿವೆಯೆಂದು ತಿಳಿಯಬಹುದು. ಅಟ್ಟಕ್ಕೇರಿಸುವ ಮುನ್ನ ಮಾಡಲೇಬೇಕಾದ ಪರೀಕ್ಷೆಯಿದು; ಕಾಸಿನ ಖರ್ಚಿಲ್ಲ. ಬಳಿಕ ಮಾನಿಟರು ನೋಡುತ್ತಿರುವ ದಾರಿ ಸರಿಯಾದುದೇ, ಎಚ್‌ಡಿಎಂಐಗೆ ತಂತಿ ಸಿಕ್ಕಿಸಿ ವಿಜಿಎಯನ್ನು ಆರಿಸಿಟ್ಟಿಲ್ಲವಷ್ಟೆ, ಎಂದು ನೋಡಬೇಕು. ಎರಡನ್ನೂ ಗೋಡೆಯ ಪ್ಲಗ್ಗಿನಿಂದ ಕಳಚಿ ಕೆಲವು ನಿಮಿಷ ಬಿಟ್ಟು ಮತ್ತೆ ಜೋಡಿಸಬೇಕು. ನೆರೆಮನೆಯಿಂದ ಬೇರೊಂದು ತಂತಿಯನ್ನು ಎರವಲು ತಂದು ಪರೀಕ್ಷಿಸಬೇಕು. ಎಷ್ಟೋ ಸಲ ದೋಷ ಅಲ್ಲಿಯೇ ಸಿಕ್ಕಿಬೀಳುತ್ತದೆ. ಚಿತ್ರವನ್ನು ಹೊರುವ ತಂತಿಯೇ ಮುರಿದಿದ್ದರೆ ಯಾವ ಎಮ್ಯುಲೇಟರೂ ಅದನ್ನು ಕೂಡಿಸಲಾರದು.

ಒರಟು ಚಿತ್ರವಾದರೂ ಬರುತ್ತಿದ್ದರೆ ಇನ್ನೊಂದು ಕುರುಹುಂಟು. ವಿಂಡೋಸಿನ ಪಟ್ಟಿಯಲ್ಲಿ ಮಾನಿಟರಿನ ಹೆಸರಿಗೆ ಬದಲಾಗಿ ‘ಜನರಿಕ್ ನಾನ್-ಪಿಎನ್‌ಪಿ ಮಾನಿಟರ್’ ಎಂದಿದ್ದರೆ, ಜಾತಕ ಕೈಸೇರಿಲ್ಲವೆಂದು ಕಂಪ್ಯೂಟರೇ ಒಪ್ಪಿಕೊಂಡಂತಾಯಿತು. ನಡುವೆ ಸೇರಿಸುವ ಎಮ್ಯುಲೇಟರಿಗೆ ಹಣ ಹಾಕಲು ಇದು ಸಾಕಷ್ಟು ಕಾರಣ. ಪುಟಗಳ ಚೆಲ್ಲಾಪಿಲ್ಲಿಯೊಂದೇ ತೊಂದರೆಯಾಗಿದ್ದಲ್ಲಿ, 2021ರಲ್ಲಿ ಬಂದ ವಿಂಡೋಸ್ 11ರಲ್ಲಿ ಪುಟಗಳಿದ್ದ ಸ್ಥಳವನ್ನು ನೆನಪಿಟ್ಟುಕೊಳ್ಳುವ ಸೌಕರ್ಯವಿದೆ. ಮೊದಲು ಅದನ್ನು ಹಚ್ಚಿ ನೋಡುವುದು ಲೇಸು. ಲಿನಕ್ಸ್ ಬಲ್ಲವರು ಜಾತಕವನ್ನು ಒಂದು ಕಡತವಾಗಿ ಬರೆದು ಕಂಪ್ಯೂಟರಿಗೇ ಒಪ್ಪಿಸಬಹುದು. ಅವರಿಗೆ ಈ ಸಾಧನದ ಹಂಗು ಬಹುಮಟ್ಟಿಗೆ ಇಲ್ಲ.

ಕೊಳ್ಳುವಾಗ ಪ್ಲಗ್ಗಿನ ಜಾತಿಯನ್ನೂ ಮಾನಿಟರಿನ ಅಳತೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಡಿಸ್‌ಪ್ಲೇಪೋರ್ಟ್ ಪದ್ಧತಿಯಲ್ಲಿ ಎರಡು ಯಂತ್ರಗಳೂ ಚಿತ್ರಕ್ಕೆ ಮುಂಚೆ ತಂತಿಯ ವೇಗವನ್ನು ಕೂಡ ಪರಸ್ಪರ ಪರೀಕ್ಷಿಸಿಕೊಳ್ಳುವುದರಿಂದ, ಅದಕ್ಕೆ ತಕ್ಕ ಸಾಧನ ಹೆಚ್ಚು ಜಟಿಲವಾದುದು. ಎಚ್‌ಡಿಎಂಐಯದನ್ನು ತಂದು ಅಲ್ಲಿ ಒತ್ತಿ ಕೂಡಿಸಲು ಬರುವುದಿಲ್ಲ. ಮಾನಿಟರಿನದೇ ಜಾತಕವನ್ನು ಓದಿ ನಕಲಿಸಿಕೊಳ್ಳುವ ಗುಂಡಿಯುಳ್ಳ ಎಮ್ಯುಲೇಟರು ಸಿಕ್ಕಿದರೆ ಬೆಲೆ ತುಸು ಹೆಚ್ಚಾದರೂ ಅದೇ ಮೇಲು. ಮೊದಲು ಅದನ್ನು ಮಾನಿಟರಿಗೆ ಗಿಡ್ಡ ತಂತಿಯಿಂದ ಜೋಡಿಸಿ, ಮಾನಿಟರು ಎಚ್ಚರವಾಗಿರುವಾಗ ಗುಂಡಿಯನ್ನೊತ್ತಿ ನಕಲನ್ನು ಪಡೆಯಬೇಕು. ಆಮೇಲೆ ಉದ್ದನೆಯ ತಂತಿಯ ಕಂಪ್ಯೂಟರಿನ ತುದಿಯಲ್ಲಿ ಅದನ್ನು ಕೂಡಿಸಬೇಕು. ಮಾನಿಟರಿನ ತುದಿಯಲ್ಲಿಟ್ಟರೆ ಅಂಕಿಗಳು ಮತ್ತೆ ಅದೇ ಉದ್ದನೆಯ ದಾರಿಯನ್ನು ನಡೆದು ಬರಬೇಕಾಗುತ್ತದೆ. ಮುಂದೆಂದಾದರೂ ಮಾನಿಟರನ್ನು ಬದಲಿಸಿದ ದಿನ ಹೊಸದರ ನಕಲನ್ನು ತೆಗೆಯಲು ಮರೆಯಬಾರದು. ಮರೆತರೆ ಕಂಪ್ಯೂಟರು ಅಟ್ಟದ ಮೇಲಿರುವ ಹಳೆಯ ಮಾನಿಟರಿಗೇ ಚಿತ್ರವನ್ನು ಸಿದ್ಧಪಡಿಸುತ್ತಿರುತ್ತದೆ.